ಗುಂಡಿಯ ಅಳತೆಯ ಮನೆ

ನಮ್ಮ ಕಾಂಪೌಂಡ್ ಗೋಡೆಯಲ್ಲಿ ತೂತು ಹೊಡೆಸಿದವಳು ನಾನೇ. ತುಂಗಾಳ ವಿಷಯ ಬರೆಯಲು ಕೂತ ಮೇಲೆ ಮೊದಲು ಅದನ್ನು ಹೇಳಿಬಿಡಬೇಕು. ಆಮೇಲೆ ಹೇಳೋಣ ಎಂದು ಇಟ್ಟುಕೊಂಡರೆ ನಾಲಿಗೆ ನುಣುಚಿಕೊಳ್ಳುತ್ತದೆ. ನನ್ನ ನಾಲಿಗೆಯ ಪರಿಚಯ ನನಗೆ ಚೆನ್ನಾಗಿದೆ.

ಸಂಜಯನಗರದಲ್ಲಿ ನಮ್ಮದೂ ತುಂಗಾಳದೂ ಅಕ್ಕಪಕ್ಕದ ಸೈಟು. ರಸ್ತೆ ಪಶ್ಚಿಮಕ್ಕೆ, ಹಿತ್ತಿಲು ಪೂರ್ವಕ್ಕೆ. ಹಿತ್ತಿಲ ಹಿಂದೆ ಆಗ ರಾಗಿ ಹೊಲವಿತ್ತು, ಅದರಾಚೆ ನೆಲ ಹೆಬ್ಬಾಳದ ಕೆರೆಯ ಕಡೆಗೆ ಇಳಿಯುತ್ತ ಹೋಗುತ್ತಿತ್ತು. ಅವಳು ಮನೆ ಕಟ್ಟಿದ್ದು ಎಪ್ಪತ್ತೊಂಬತ್ತರಲ್ಲಿ, ನಾವು ಕಟ್ಟಿದ್ದು ಮಾರನೆಯ ವರ್ಷ. ನಾವು ಸೈಟಿನ ನಾಲ್ಕು ಮೂಲೆಗೂ ಗೋಡೆ ಮುಟ್ಟಿಸಿ, ಉಳಿದ ಜಾಗಕ್ಕೆಲ್ಲ ಸಿಮೆಂಟ್ ಹೊಡೆಸಿ, ಒಂದು ಹುಲ್ಲುಕಡ್ಡಿಗೂ ಕಾಲೂರಲು ಬಿಡಲಿಲ್ಲ. ಅವಳು ಅಷ್ಟೇ ದೊಡ್ಡ ಸೈಟಿನಲ್ಲಿ ಮೂರು ಚದರದ ಮಣ್ಣಿನ ಮನೆ ಕಟ್ಟಿಕೊಂಡಳು. ಒಂದು ಕೋಣೆ, ಒಂದು ಅಡುಗೆಮನೆ, ಬಚ್ಚಲು, ಮುಂದೆ ಇಬ್ಬರು ಕೂರುವಷ್ಟು ಜಗುಲಿ. ಮೇಲೆ ಮಂಗಳೂರು ಹೆಂಚು. ಮಿಕ್ಕಿದ್ದೆಲ್ಲ ಬಯಲು.

“ಇದೇನ್ರೀ, ವಾಚ್‌ಮನ್‌ಗೆ ಮೊದ್ಲು ಮನೆ ಕಟ್ಟಿಸ್ತಿದೀರಾ?” ಎಂದು ನಮ್ಮವರು, ಅಂದರೆ ನನ್ನ ಗಂಡ ವೇಣುಗೋಪಾಲ, ಪಾಯ ಹಾಕಿದ ದಿನವೇ ಅವಳನ್ನು ಕೇಳಿದ್ದರು. ನಾನು ಪಕ್ಕದಲ್ಲಿ ನಿಂತು ನಕ್ಕಿದ್ದೆ.

“ಇಲ್ಲ, ನನಗೇ,” ಎಂದಿದ್ದಳು ತುಂಗಾ. ಅವಳ ಮಾತೇ ಅಷ್ಟು. ಸಾರಿಗೆ ಹುಳಿ ಜಾಸ್ತಿ ಹಾಕುತ್ತಿದ್ದಳು, ಮಾತಿಗೆ ಏನೂ ಹಾಕುತ್ತಿರಲಿಲ್ಲ.

ಅವಳು ಯಶವಂತಪುರದ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸದಲ್ಲಿದ್ದಳು. ಅಪ್ಪ ರೈಲ್ವೆಯ ಪಾರ್ಸೆಲ್ ಗುಮಾಸ್ತರು. ಸ್ಟೇಷನ್ ಹಿಂದಿನ ಕ್ವಾರ್ಟರ್ಸಿನಲ್ಲಿ ಒಂದೇ ಕೋಣೆಯಲ್ಲಿ ಎಂಟು ಜನ ಬೆಳೆದವರು. ಅಪ್ಪ ನಿವೃತ್ತರಾಗಿ ಕ್ವಾರ್ಟರ್ಸ್ ಬಿಡುವ ದಿನ ಇವಳು ಆ ಕೋಣೆಯನ್ನು ಹಗ್ಗದಲ್ಲಿ ಅಳೆದು, ಉದ್ದಕ್ಕೊಂದು ಅಗಲಕ್ಕೊಂದು ಗಂಟು ಹಾಕಿ ಇಟ್ಟುಕೊಂಡಿದ್ದಳಂತೆ. ಮದುವೆಯಾಗಲಿಲ್ಲ. ತಮ್ಮಂದಿರ, ತಂಗಿಯರ ಮದುವೆಗಳೆಲ್ಲ ಮುಗಿದು, ಅಪ್ಪ ಅಮ್ಮ ತೀರಿಕೊಂಡು, ಸೈಟು ಅವಳ ಹೆಸರಿಗೆ ಬರುವಷ್ಟರಲ್ಲಿ ನಲವತ್ತು ಹತ್ತಿರವಾಗಿತ್ತು. ಆ ಹಗ್ಗವನ್ನು ಮಣ್ಣಿನ ಗೋಡೆ ಕಟ್ಟುವ ಪಿಳ್ಳಣ್ಣನ ಕೈಗೆ ಕೊಟ್ಟು, “ಇಷ್ಟು ಇದ್ರೆ ಸಾಕು. ಆದ್ರೆ ಪಕ್ಕಕ್ಕೆ ಇನ್ನೊಂದು ರೂಮು ಬೇಕು, ನನ್ನ ವೀಣೆಗೆ,” ಎಂದಳು.

ಪಿಳ್ಳಣ್ಣ ಬ್ಯಾಟರಾಯನಪುರದವನು. ಅಲ್ಲಿಯ ಹಳೆಯ ಮನೆಗಳ ಮಣ್ಣಿನ ಗೋಡೆಗಳಲ್ಲಿ ಅರ್ಧ ಅವನ ಅಪ್ಪ ಎತ್ತಿದ್ದು, ಅರ್ಧ ಅವನು ಎತ್ತಿದ್ದು. ಅವರ ಕಡೆ ಒಂದು ರೂಢಿ. ಮನೆಗೆ ಬೇಕಾದ ಮಣ್ಣನ್ನು ಆ ಮನೆಯ ನೆಲದಿಂದಲೇ ತೆಗೆಯಬೇಕು, ಬೇರೆಯವರ ನೆಲ ಬಗೆಯಬಾರದು. ಸೈಟಿನ ಈಶಾನ್ಯ ಮೂಲೆಯಲ್ಲಿ ಗುಂಡಿ ತೋಡಿದ. ಆರು ಅಡಿ ಒಳ್ಳೆಯ ಕೆಂಪು ಮಣ್ಣು ಬಂತು, ಅದರ ಕೆಳಗೆ ಗರಸು. ಕಾಲಲ್ಲಿ ತುಳಿದು, ಒಂದು ಮೊಳ ಗೋಡೆ ಇಟ್ಟು, ಒಣಗಿಸಿ, ಮತ್ತೆ ಒಂದು ಮೊಳ ಇಟ್ಟು, ಸೂರಿನ ಮಟ್ಟಕ್ಕೆ ಬರುವ ಹೊತ್ತಿಗೆ ಮಣ್ಣು ಮುಗಿಯಿತು. ವೀಣೆಯ ರೂಮಿಗೆ ಏನೂ ಉಳಿಯಲಿಲ್ಲ.

“ಗುಂಡಿ ಎಷ್ಟು ಕೊಡ್ತದೋ ಅಷ್ಟೇ ಕಣವ್ವ ಮನೆ,” ಎಂದ ಪಿಳ್ಳಣ್ಣ. “ಬೇಕಂದ್ರೆ ಲಾರಿನಾಗೆ ತರಿಸ್ಕೊ. ಕೊಡಾಕೆ ಜನ ಅವ್ರೆ.”

“ಅಲ್ಲೂ ಒಂದು ಗುಂಡಿ ಬೀಳತ್ತಲ್ಲ ಪಿಳ್ಳಣ್ಣ.”

“ಬೀಳ್ತದೆ. ಬೀಳ್ದೆ ಇರ್ತದಾ?”

ತುಂಗಾ ಒಂದು ವಾರ ಮುಖ ಊದಿಸಿಕೊಂಡು ಓಡಾಡಿದಳು. ಆಮೇಲೆ ವೀಣೆಯನ್ನು ಕೋಣೆಯ ಗೋಡೆಗೆ ನೇತುಹಾಕಿದಳು. ಲಾರಿ ಬರಲಿಲ್ಲ. ಹಳೆ ಗುಂಡಿಗೆ ಎಲ್ಲರೂ ಕಸ ತುಂಬಿ ಮುಚ್ಚುತ್ತಾರೆ, ಅವಳು ಮುಚ್ಚಲಿಲ್ಲ. ಹೆಂಚಿನ ನೀರೆಲ್ಲ ಅದಕ್ಕೆ ಹೋಗುವಂತೆ ಕಾಲುವೆ ಮಾಡಿಸಿದಳು. ಗುಂಡಿ ತುಂಬಿ ಹೆಚ್ಚಾದದ್ದು ಹಿಂದಿನ ರಾಗಿ ಹೊಲಕ್ಕೆ ಹರಿದು ಕೆರೆಯ ಕಡೆ ಹೋಗುತ್ತಿತ್ತು. ಗುಂಡಿಯ ಪಕ್ಕದಲ್ಲೇ ಬಾವಿ. ಬಚ್ಚಲ ನೀರು ಬಾಳೆಗೆ. ಅಡುಗೆಗೆ ಹೊಟ್ಟಿನ ಒಲೆ, ಬೆಳಗ್ಗೆ ಒಂದು ಸಲ ಮರದ ಹೊಟ್ಟು ಗಿಡಿದು ಹಚ್ಚಿದರೆ ಮಧ್ಯಾಹ್ನದವರೆಗೂ ಉರಿ. ಬಾಗಿಲು ಕಿಟಕಿ ಯಲಹಂಕದಲ್ಲಿ ಯಾರೋ ಒಡೆದ ಹಳೆ ಮನೆಯವು. ಪವರ್ ಕಟ್ ಆದಾಗ ನಮ್ಮ ಮನೆಯಲ್ಲಿ ಆರು ರೂಮಿನಲ್ಲಿ ಆರು ಜನ ಬೀಸಣಿಗೆ ಹುಡುಕುತ್ತಿದ್ದೆವು. ಅವಳು ಜಗುಲಿಯಲ್ಲಿ ವೀಣೆ ಹಿಡಿದು ಕೂರುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಉರಿಗೆ ಕಾರಣ ವೀಣೆಯೊಂದೇ ಅಲ್ಲ, ಸಿಮೆಂಟೂ ಹೌದು. ಆಗ ಸಿಮೆಂಟಿಗೆ ಪರ್ಮಿಟ್ಟಿನ ಕಾಲ. ಎಷ್ಟು ದೊಡ್ಡ ಮನೆಗೆ ಅರ್ಜಿಯೋ ಅಷ್ಟು ಮೂಟೆ, ಅದೂ ತಿಂಗಳುಗಟ್ಟಲೆ ಕಾದ ಮೇಲೆ. ನಮ್ಮವರಿಗೆ ಮಹಡಿಗೂ ಈಗಲೇ ಕೂಡಿಡುವ ಆಸೆ. ಒಂದು ಭಾನುವಾರ ಅವಳ ಜಗುಲಿಗೆ ಹೋಗಿ ಕೇಳಿದರು.

“ತುಂಗಾ ಅವರೇ, ನೀವು ದೊಡ್ಡ ಮನೆ ಪ್ಲಾನ್ ತೋರಿಸಿ ಒಂದು ಅರ್ಜಿ ಹಾಕ್ಬಿಡಿ. ನಿಮಗೆ ಬೇಕಾದಷ್ಟು ಇಟ್ಕೊಳ್ಳಿ, ಮಿಕ್ಕಿದ್ದು ನಮಗೆ ಕೊಡಿ. ಯಾರಿಗೂ ನಷ್ಟ ಇಲ್ಲ.”

“ಕಟ್ಟದೇ ಇರೋ ಮನೆಗೆ ಅರ್ಜಿ ಹೇಗೆ ಬರೀಲಿ?” ಎಂದಳು ಅವಳು. “ಬಚ್ಚಲಿಗೂ ಬಾವಿಕಟ್ಟೆಗೂ ಎಂಟು ಮೂಟೆ ಸಾಕು ನನಗೆ. ಅಷ್ಟೇ ಬರೆದಿದೀನಿ.”

ನಮ್ಮವರು ಕೆಂಪಗಾಗಿ ವಾಪಸು ಬಂದರು. ಅಂದಿನಿಂದ ಮಾತು ನಿಂತಿತು. ಹೇಗೋ ಬೇರೆ ಕಡೆಯಿಂದ ಸಿಮೆಂಟ್ ತರಿಸಿ ಹಿತ್ತಿಲ ಶೆಡ್ಡಿನಲ್ಲಿ ಕೂಡಿಟ್ಟರು. ಮಹಡಿ ಮೇಲೇಳಲಿಲ್ಲ. ಎರಡು ಮಳೆಗಾಲದ ತೇವ ಕುಡಿದು ಹನ್ನೆರಡು ಗೋಣಿಮೂಟೆಗಳೂ ಕಲ್ಲುಬಂಡೆಯಾಗಿ ಕೂತವು. ಎಸೆಯಲು ಇವರಿಗೆ ಮನಸ್ಸು ಬರಲಿಲ್ಲ. ಶೆಡ್ಡಿಗೆ ಹೋದಾಗಲೆಲ್ಲ ಎಡವುವವಳು ನಾನು.

ಈಗ ತೂತಿನ ವಿಷಯ. ನಮ್ಮ ಮನೆಯ ವಾಸ್ತು ನೋಡಿದ ಶಾಸ್ತ್ರಿಗಳು, ನೀರೆಲ್ಲ ಈಶಾನ್ಯದಿಂದಲೇ ಹೊರಗೆ ಹೋಗಬೇಕು ಎಂದಿದ್ದರು. ತಾರಸಿಯ ನಾಲ್ಕು ಪೈಪೂ ಸಿಮೆಂಟಿನ ಅಂಗಳದ ಇಳಿಜಾರೂ ಆ ಮೂಲೆಗೇ ಬಂದು ಸೇರಿದವು. ಆ ಮೂಲೆಗೆ ಹೊಂದಿಕೊಂಡಿರುವುದು ತುಂಗಾಳ ಹಿತ್ತಿಲು. ಎಂಬತ್ತೊಂದರಲ್ಲಿ ಕಾಂಪೌಂಡ್ ಕಟ್ಟುವಾಗ ಮೇಸ್ತ್ರಿ, “ನೀರು ಎತ್ಲಾಗೆ ಬಿಡ್ಲಿ ಅಮ್ಮಾ? ಹಿಂದಕ್ಕೆ ಪೈಪು ಹಾಕ್ಬೇಕಂದ್ರೆ ಇನ್ನೂ ನಾಲ್ಕು ದಿನ ಆಗ್ತದೆ,” ಎಂದ. ಮನೆಯಲ್ಲಿ ಆಗ ಇದ್ದವಳು ನಾನೊಬ್ಬಳೇ.

“ಪಕ್ಕದಲ್ಲಿ ಅಷ್ಟು ಖಾಲಿ ಜಾಗ ಬಿದ್ದಿದೆಯಲ್ಲ, ಅಲ್ಲಿಗೆ ತೂತು ಹೊಡಿಯಪ್ಪ,” ಎಂದೆ. ತಲೆ ತೂರುವಷ್ಟು ಅಗಲಕ್ಕೆ ಹೊಡೆದ.

ಅವಳು ಬಂದು ಜಗಳವಾಡುತ್ತಾಳೆ ಎಂದು ಸೆರಗು ಸಿಕ್ಕಿಸಿಕೊಂಡು ಕಾದೆ. ಬರಲಿಲ್ಲ. ನೋಡಿಯೇ ಇಲ್ಲ ಎಂದುಕೊಂಡೆ. ಮುಂದಿನ ಬೇಸಿಗೆಯಿಂದ ನಮ್ಮ ಬಾವಿ ಮಾರ್ಚಿಗೇ ಬತ್ತತೊಡಗಿತು, ನಲ್ಲಿಯನ್ನಂತೂ ನಂಬುವ ಹಾಗಿರಲಿಲ್ಲ. ಮಾತು ಬಿಟ್ಟ ಮನೆಗೆ ಕೊಡ ಹಿಡಿದು ಹೋಗುವುದು ಎಂಥ ಹಿಂಸೆ ಎಂದು ಹೋದವರಿಗೇ ಗೊತ್ತು. ಅವಳು ಬಾವಿಯ ಹಗ್ಗ ನನ್ನ ಕಡೆಗೆ ಸರಿಸುತ್ತಿದ್ದಳು. ದಾನ ಮಾಡುವವರ ಮುಖ ಅದು ಎಂದು ನನಗೆ ನಾನೇ ಹೇಳಿಕೊಂಡು, ತುಂಬಿದ ಕೊಡದ ಜೊತೆಗೆ ಒಂದಿಷ್ಟು ದ್ವೇಷವನ್ನೂ ಹೊತ್ತುಕೊಂಡು ಬರುತ್ತಿದ್ದೆ.

ಎಂಬತ್ತಾರರಲ್ಲಿ ಹಿಂದಿನ ರಾಗಿ ಹೊಲವೂ ಸೈಟುಗಳಾಯಿತು. ಕೊಂಡವರು ಯಾರೋ ಬಂದು, ಮನೆಗಿಂತ ಮೊದಲೇ ಎದೆಯೆತ್ತರದ ಕಾಂಪೌಂಡ್ ಎಬ್ಬಿಸಿಬಿಟ್ಟರು. ತುಂಗಾಳ ಗುಂಡಿಯ ನೀರು ಕೆರೆಯ ಕಡೆ ಹೋಗುತ್ತಿದ್ದ ದಾರಿ ಅಲ್ಲಿಗೆ ಕಟ್ಟಾಯಿತು. ಇದನ್ನು ಮೊದಲು ಗಮನಿಸಿದವರು ನಮ್ಮವರು.

“ಒಂದು ಜೋರು ಮಳೆ ಬರ್ಲಿ ನೋಡು,” ಎಂದರು ಸೆಪ್ಟೆಂಬರಿನ ಒಂದು ಬೆಳಗ್ಗೆ, ಉಪ್ಪಿಟ್ಟು ತಿನ್ನುತ್ತ. “ಆ ಮಣ್ಣಿನ ಗೋಡೆ ಕೂತ್ಕೊಳ್ಳತ್ತೆ. ಇನ್ನೊಂದು ಸಲ ಕಟ್ಟೋ ಚೈತನ್ಯ ಅವಳಿಗೆಲ್ಲಿದೆ? ಸೈಟು ಮಾರ್ತಾಳೆ. ನಾವೇ ತಗೊಳ್ಳೋಣ, ಕಾರ್ ಶೆಡ್ಡಿಗಾಗತ್ತೆ.”

“ನಮ್ಮ ಹತ್ರ ಕಾರೆಲ್ಲಿದೆ?” ಎಂದೆ.

“ಬರತ್ತೆ,” ಎಂದು ಕೈ ತೊಳೆದು ಸ್ಕೂಟರ್ ಹತ್ತಿದರು.

ಮಳೆ ಅದೇ ದಿನ ಬಂತು. ಮಧ್ಯಾಹ್ನ ಎರಡಕ್ಕೆ ಆಕಾಶ ಕಪ್ಪಿಟ್ಟು, ಹನಿ ಎಂಬ ಪೀಠಿಕೆಯೇ ಇಲ್ಲದೆ ಸುರಿಯತೊಡಗಿತು. ಮಕ್ಕಳು ಕಾಲೇಜಿಗೆ, ತುಂಗಾ ಕಚೇರಿಗೆ, ಅತ್ತೆ ಮಾವ ಮೈಸೂರಿನ ನಾದಿನಿಯ ಮನೆಗೆ ಹೋಗಿದ್ದರು. ಅಡುಗೆಮನೆಯ ಕಿಟಕಿಯಿಂದ ನನಗೆ ತುಂಗಾಳ ಹಿತ್ತಿಲು ಪೂರ್ತಿ ಕಾಣುತ್ತದೆ. ಅರ್ಧ ಗಂಟೆಯಲ್ಲಿ ಅವಳ ಗುಂಡಿ ತುಂಬಿತು. ಹಿಂದಿನ ಕಾಂಪೌಂಡಿಗೆ ನೀರು ತಾಕಿ, ದಾರಿ ಸಿಗದೆ, ಮನೆಯ ಕಡೆಗೆ ತಿರುಗಿತು.

ಆ ಮನೆಗೆ ನೆಲದಿಂದ ಒಂದು ಮೊಳ ಎತ್ತರಕ್ಕೆ ಕಲ್ಲಿನ ಗೋಡೆಯಿತ್ತು, ಅದರ ಮೇಲೆ ಮಣ್ಣು. ಕಲ್ಲು ಮುಗಿದು ಮಣ್ಣು ಶುರುವಾಗುವ ಗೆರೆ ನನ್ನ ಕಿಟಕಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ನೀರು ಕಲ್ಲಿನ ಕಾಲು ಭಾಗ ಏರಿತು. ನಾನು ಅಕ್ಕಿ ಆರಿಸುತ್ತಿದ್ದೆ. ಅರ್ಧ ಏರಿತು. ಮೊರ ಕೆಳಗಿಟ್ಟೆ. ಮಳೆಯ ಸದ್ದಿನ ನಡುವೆ ಇನ್ನೊಂದು ಸದ್ದು ಕೇಳುತ್ತಿತ್ತು, ಭರ್ ಎಂದು. ನಮ್ಮ ತೂತಿನದು. ನಾಲ್ಕು ಪೈಪಿನ ನೀರು, ಇಡೀ ಅಂಗಳದ ನೀರು, ಹುಚ್ಚು ಹಿಡಿದ ಹಾಗೆ ಅವಳ ಹಿತ್ತಿಲಿಗೆ ನುಗ್ಗುತ್ತಿತ್ತು.

ಮೂರು ಗಂಟೆಗೆ ಪಿಳ್ಳಣ್ಣ ಬಂದ. ಬ್ಯಾಟರಾಯನಪುರದಿಂದ ಸೈಕಲ್ ತುಳಿದುಕೊಂಡು, ತಲೆಗೆ ಗೋಣಿಚೀಲ ಮಡಿಸಿ ಹಾಕಿಕೊಂಡು, ಸಲಿಕೆ ಹಿಡಿದು. ಅವನಿಗೆ ಆಗ ಅರವತ್ತೈದರ ಮೇಲೆ. ತಾನು ಎತ್ತಿದ ಗೋಡೆ, ಹಿಂದೆ ಎದ್ದ ಹೊಸ ಕಾಂಪೌಂಡ್, ಎರಡನ್ನೂ ಅವನು ಬಲ್ಲ. ಮಳೆಯ ಮೋಡ ನೋಡಿಯೇ ಹೊರಟನೇನೋ. ಗೋಡೆಯ ಬುಡಕ್ಕೆ ಮಣ್ಣಿನ ಬದು ಹಾಕಲು ನೋಡಿದ. ಹಾಕಿದ್ದು ಹಾಕಿದ ಹಾಗೇ ಕರಗಿತು. ಆಮೇಲೆ ನಮ್ಮ ಕಾಂಪೌಂಡಿನ ಹತ್ತಿರ ಬಂದು, ನನ್ನ ಕಿಟಕಿಯತ್ತ ತಲೆಯೆತ್ತಿ ಕೂಗಿದ.

“ಅಮ್ಮಾವ್ರೇ! ಆ ತೂತು ವಸಿ ಮುಚ್ಚಿಸ್ರವ್ವಾ!”

“ಯಾವ ತೂತು?” ಎಂದೆ.

ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಬಂತು. ಅವನು ನನ್ನ ಮುಖವನ್ನೇ ನೋಡಿದ. ನೀರು ಅವನ ಮೊಣಕಾಲಿಗೆ ಬಡಿಯುತ್ತಿತ್ತು.

“ಕಲ್ಲು ಇರೋಗಂಟ ಭಯ ಇಲ್ಲ,” ಎಂದ, ಬೈಯುವ ದನಿಯಲ್ಲಲ್ಲ, ಮಕ್ಕಳಿಗೆ ತಿಳಿಹೇಳುವ ದನಿಯಲ್ಲಿ. “ಮಣ್ಣು ಮುಟ್ತು ಅಂದ್ರೆ ಬೆಲ್ಲದಚ್ಚು ಕರಗ್ದಂಗೆ ಕರಗ್ತದೆ. ಗ್ವಾಡೆ ಓದ್ರೆ ಸೂರೂ ಓಯ್ತು. ಇನ್ನೊಂದ್ ಗಳಿಗೆ ಅಷ್ಟೇ ಟೇಮು.”

ಹಾಗೆಂದು ಮತ್ತೆ ಗೋಡೆಯ ಬುಡಕ್ಕೆ ಹೋದ.

ತೂತು ಮುಚ್ಚಿದರೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಂಗಳಕ್ಕೆ ಎರಡೆರಡು ಸಲ ಸಿಮೆಂಟ್ ಹೊಡೆಸಿ ಅದು ಹಿತ್ತಿಲ ಬಾಗಿಲಿನ ಹೊಸ್ತಿಲಿಗೆ ಸಮನಾಗಿತ್ತು. ನೀರಿಗೆ ಬೇರೆ ದಾರಿಯಿಲ್ಲ, ಮನೆಯೊಳಕ್ಕೇ ಬರಬೇಕು. ಹಿತ್ತಿಲ ರೂಮಿನಲ್ಲಿ ವರ್ಷದ ಅಕ್ಕಿ ಬೇಳೆ, ಹಾಸಿಗೆಗಳು, ಆಚೆ ಹಾಲಿನಲ್ಲಿ ಹೊಸ ಸೋಫಾ, ಕಾರ್ಪೆಟ್ಟು. ಇನ್ನೊಂದು ಯೋಚನೆಯೂ ಬಂತು, ಅದನ್ನೂ ಬಚ್ಚಿಡುವುದಿಲ್ಲ. ಬಿದ್ದರೆ ಬೀಳಲಿ. ಮಳೆ ಬಂತು, ಬಿತ್ತು. ಯಾರು ಯಾರನ್ನು ಕೇಳುತ್ತಾರೆ? ಹೀಗೆ ಯೋಚಿಸುತ್ತ ಕಿಟಕಿಯ ಸರಳು ಹಿಡಿದು ನಿಂತಿದ್ದೆ. ಗೆರೆಗೆ ನಾಲ್ಕು ಬೆರಳು ಬಾಕಿ.

ಆಗ ಟಣ್ ಎಂದು ಸದ್ದಾಯಿತು. ಅವಳ ಬಾವಿಕಟ್ಟೆಯ ಮರೆಯಿಂದ ಒಂದು ಸ್ಟೀಲ್ ಕೊಡ ತೇಲಿಕೊಂಡು ಬಂದು ಗೋಡೆಗೆ ಬಡಿಯಿತು. ತಿರುಗಿ ಮತ್ತೆ ಬಡಿಯಿತು. ನನ್ನದೇ ಕೊಡ. ಬೇಸಿಗೆಯಲ್ಲಿ ಅಲ್ಲೇ ಬಿಟ್ಟು ಬಂದಿದ್ದೆ, ತುಂಗಾ ಬೆಳಗಿ ಬೋರಲು ಹಾಕಿಟ್ಟಿದ್ದಳು. ಅದರ ಕಂಠದಲ್ಲಿ ‘ವಿ. ಸತ್ಯವತಿ’ ಎಂದು ನನ್ನ ಹೆಸರು ಕೊರೆಸಿದೆ. ಆ ಕೊಡ ಅವಳ ಗೋಡೆಗೆ ಕುಟ್ಟುತ್ತಿದ್ದುದನ್ನು ನೋಡಲಾಗಲಿಲ್ಲ. ನನಗೆ ಸಿಟ್ಟು ಬಂತು. ಕೊಡದ ಮೇಲೆ, ನಮ್ಮವರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಅಕ್ಕಿ ಆರಿಸುತ್ತ ಕೂತಿದ್ದ ಈ ಹೆಂಗಸಿನ ಮೇಲೆ.

“ಪಿಳ್ಳಣ್ಣಾ! ಈ ಕಡೆ ಬಾ!” ಎಂದು ಕೂಗುತ್ತ ಹಿತ್ತಿಲಿಗೆ ಓಡಿದೆ.

ತೂತಿಗೆ ಮೊದಲು ಒಂದು ಹಾಸಿಗೆ ತುರುಕಿದೆ. ನೀರು ಅದನ್ನು ಎಳೆದುಕೊಂಡು ಹೋಯಿತು. ಮಣೆ ಅಡ್ಡ ಹಿಡಿದೆ, ಕೈ ತಿರುಚಿಕೊಂಡು ಅದೂ ಹೋಯಿತು. ಪಿಳ್ಳಣ್ಣ ಕಾಂಪೌಂಡ್ ಹತ್ತಿ ಇಳಿದು ಶೆಡ್ಡಿನೊಳಗೆ ಇಣುಕಿದ.

“ಇದೇನವ್ವ, ಗುಂಡು ಗುಂಡಾಗೈತೆ?”

“ಸಿಮೆಂಟು,” ಎಂದೆ.

ಆ ಹೊತ್ತಿನಲ್ಲೂ ಅವನಿಗೆ ನಗು ಬಂತು. “ಬತ್ತೀನಿ ಇರಿ,” ಎಂದು ಮೊದಲ ಮೂಟೆಗೆ ಸಲಿಕೆಯ ಕಾವು ಮೀಟಿ ಹೊರಳಿಸಿದ. ನಾನು ಸೀರೆ ಮೇಲೆ ಕಟ್ಟಿ ಹೆಗಲು ಕೊಟ್ಟೆ. ಗೋಣಿ ಕಳಚಿ, ಸಿಮೆಂಟಿನ ಹರಳು ಅಂಗೈ ಸೀಳಿತು. ಒಂದು, ಎರಡು, ಮೂರು. ನಾಲ್ಕನೆಯದನ್ನು ಇಟ್ಟಾಗ ಭರ್ ಎನ್ನುವ ಸದ್ದು ಸಣ್ಣಗಾಯಿತು. ಆರನೆಯದಕ್ಕೆ ನಿಂತಿತು. ಸಂದುಗಳಿಗೆ ಅವನು ಗೋಣಿ ತುರುಕಿದ.

“ಓಗಿ ಗ್ವಾಡೆ ನೋಡು,” ಎಂದೆ. ಅವನ ಮಾತೇ ನನ್ನ ಬಾಯಿಗೆ ಬಂದಿತ್ತು.

ಅವನು ಹಾರಿ ಹೋದ. ನಾನು ಮೂಟೆಗಳಿಗೆ ಬೆನ್ನು ಕೊಟ್ಟು ನಿಂತೆ. ನೀರು ನನ್ನ ಪಾದ, ಹರಡು, ಮೀನಖಂಡ ಏರಿತು. ಕಣ್ಣೆದುರಿಗೇ ಹೊಸ್ತಿಲು ದಾಟಿ, ರಂಗೋಲಿ ಅಳಿಸಿ, ಮನೆಯೊಳಗೆ ಹೋಯಿತು. ಒಳಗೆ ಡಬ್ಬಗಳು ಉರುಳಿದ ಸದ್ದು ಕೇಳಿತು. ಅಳು ಬಂತು, ಅತ್ತೆ. ಆದರೆ ಬೆನ್ನು ತೆಗೆಯಲಿಲ್ಲ.

“ನಿಂತದೆ ಅಮ್ಮಾ!” ಎಂದು ಆಚೆಯಿಂದ ಪಿಳ್ಳಣ್ಣ ಕೂಗಿದ. “ಒಂದ್ ಬೆರಳು! ಒಂದ್ ಬೆರಳು ಐತೆ ಮಣ್ಣಿಗೆ!”

ನಾಲ್ಕೂವರೆಗೆ ಮಳೆ ಬಿಟ್ಟಿತು. ಐದೂವರೆಗೆ ನಮ್ಮವರು ಬಂದು ಹಾಲಿನ ಬಾಗಿಲಲ್ಲಿ ನಿಂತರು. ಕಾರ್ಪೆಟ್ ನೀರಿನಡಿಯಲ್ಲಿತ್ತು. ಅಕ್ಕಿ ಬೆಳ್ಳಗೆ ಹರಡಿ ಸೋಫಾದ ಕಾಲಿಗೆ ಸುತ್ತಿಕೊಂಡಿತ್ತು.

“ನೀರು ಆ ಕಡೆ ಹೋಗ್ಬೇಕಿತ್ತಲ್ಲ? ಯಾರ್ ಮುಚ್ಚಿದ್ದು?”

“ನಾನು.”

“ತಲೆ ಕೆಟ್ಟಿದ್ಯಾ ನಿನಗೆ?”

“ಇಷ್ಟು ದಿನ ಕೆಟ್ಟಿತ್ತು,” ಎಂದೆ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವರಿಗೆ ನಾನು ಹಾಗೆ ಉತ್ತರ ಕೊಟ್ಟಿದ್ದು ಅದೇ ಮೊದಲು. ಅವರು ಬಾಯಿ ತೆರೆದರು. ಅಷ್ಟರಲ್ಲಿ ಅವರ ಬೆನ್ನ ಹಿಂದೆ ತುಂಗಾ ಬಂದು ನಿಂತಿದ್ದಳು. ಕೈಯಲ್ಲಿ ತೆಂಗಿನ ಕಡ್ಡಿ ಪೊರಕೆ, ಬಕೆಟ್ಟು. ಕಚೇರಿಯ ಸೀರೆಯನ್ನೂ ಬದಲಿಸಿರಲಿಲ್ಲ. ಪಿಳ್ಳಣ್ಣ ಎಲ್ಲ ಹೇಳಿರಬೇಕು. ನೇರ ಒಳಗೆ ಬಂದು ನೀರು ಬಳಿಯತೊಡಗಿದಳು.

ನನಗೆ ತಡೆಯಲಾಗಲಿಲ್ಲ. “ಬಿಡಿ ತುಂಗಾ, ನೀವು ಬಳೀಬೇಡಿ. ಆ ತೂತು ಹೊಡೆಸಿದ್ದು ನಾನೇ. ಇವರಲ್ಲ. ಖಾಲಿ ಜಾಗ ತಾನೆ ಅಂತ ನಾನೇ ಹೇಳಿದ್ದು.”

“ಗೊತ್ತು,” ಎಂದಳು ಬಗ್ಗಿದವಳು ಬಗ್ಗಿದ ಹಾಗೇ. “ನೀವು ಮೇಸ್ತ್ರಿಗೆ ಹೇಳುವಾಗ ನಾನು ಬಾವಿ ಹತ್ರ ಬಟ್ಟೆ ಒಗೀತಿದ್ದೆ. ಎಲ್ಲ ಕೇಳಿಸ್ತು.”

“ಐದು ವರ್ಷದಿಂದ ಗೊತ್ತಾ? ಮತ್ತೆ ಯಾಕೆ ಸುಮ್ಮನಿದ್ರಿ?”

ಅವಳು ಸೊಂಟ ನೆಟ್ಟಗೆ ಮಾಡಿಕೊಂಡು ನಿಂತಳು. ನಮ್ಮವರನ್ನೂ ನೋಡಿದಳು, ನನ್ನನ್ನೂ ನೋಡಿದಳು.

“ಮೊದಲನೇ ದಿನ ಜಗಳ ಆಡೋಣ ಅಂತಲೇ ಹೊರಟಿದ್ದೆ ಸತ್ಯಕ್ಕ. ಪಿಳ್ಳಣ್ಣ, ಒಂದು ಮಳೆ ನೋಡಿ ಆಮೇಲೆ ಜಗಳ ಆಡವ್ವ ಅಂದ. ಆ ಮಳೆಗೆ ಬಾವಿ ಎರಡು ಆಳು ಏರ್ತು. ನನ್ನ ಹೆಂಚಿನ ನೀರಿಗೆ ಅದು ಯಾವತ್ತೂ ಅಷ್ಟು ಏರಿರಲಿಲ್ಲ. ಏಪ್ರಿಲ್‌ನಲ್ಲಿ ನೀವು ಬಂದು ಸೇದ್ತಿದ್ರಲ್ಲ, ಅದು ನಿಮ್ಮ ಮನೆ ನೀರೇ. ನಾನು ಕೊಟ್ಟಿದ್ದು ಏನೂ ಇಲ್ಲ. ಗುಂಡೀಲಿ ಇಟ್ಕೊಂಡಿದ್ದೆ ಅಷ್ಟೇ.”

ನಾನು ನೀರಿನಲ್ಲೇ ಕೂತುಬಿಟ್ಟೆ. ಐದು ಬೇಸಿಗೆ ಅವಳ ಮುಖದಲ್ಲಿ ದಾನದ ಗತ್ತು ಹುಡುಕಿದವಳು ನಾನು. ಅಂಥ ನಾಚಿಕೆ ನನಗೆ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ನಮ್ಮವರು ಹೋಗಿ ಅವಳ ಕೈಯಿಂದ ಬಕೆಟ್ ತೆಗೆದುಕೊಂಡರು.

ಮನೆ ಒಣಗಲು ನಾಲ್ಕು ದಿನ ಬೇಕಾಯಿತು. ಆ ನಾಲ್ಕು ದಿನವೂ ನಮ್ಮ ನಾಲ್ವರ ಊಟ, ನಿದ್ದೆ ಎಲ್ಲ ಅವಳ ಒಂದು ಕೋಣೆಯಲ್ಲೇ. ಐದನೆಯ ದಿನ ನಮ್ಮ ಕಿರಿಮಗಳು, “ಅಮ್ಮಾ, ಇನ್ನೂ ಎರಡು ದಿನ ಇರೋಣ,” ಎಂದಳು. ನಮ್ಮವರು ಹಾರೆ ಹುಡುಕುತ್ತಿದ್ದರು. ಅಂಗಳದ ಈಶಾನ್ಯ ಮೂಲೆಯ ಸಿಮೆಂಟನ್ನು ತಾವೇ ಒಡೆದರು. ಅಲ್ಲಿ ಪಿಳ್ಳಣ್ಣ ಆಳಕ್ಕೆ ಗುಂಡಿ ತೋಡಿ, ತಾರಸಿಯ ಪೈಪುಗಳನ್ನು ಅದಕ್ಕೆ ತಿರುಗಿಸಿದ. ಆರು ಅಡಿ ಕೆಂಪು ಮಣ್ಣು ನಮ್ಮ ಅಂಗಳದಲ್ಲೂ ಇತ್ತು, ಅಷ್ಟು ವರ್ಷ ಸಿಮೆಂಟಿನ ಅಡಿಯಲ್ಲಿ.

ತೋಡಿದ ಮಣ್ಣಿನ ಗುಡ್ಡೆಯ ಪಕ್ಕ ನಿಂತು ನಮ್ಮವರು, “ಇದನ್ನೇನು ಮಾಡೋದು?” ಎಂದರು.

ಪಿಳ್ಳಣ್ಣ ಗುಡ್ಡೆಯನ್ನು ಕಣ್ಣಲ್ಲೇ ಅಳೆದ. “ಒಂದು ಚಿಕ್ಕ ರೂಮಿಗಾಗ್ತದೆ ಸ್ವಾಮಿ. ವೀಣೆ ಇಡಾಕೆ.”

ತುಂಗಾ ಬೇಡ, ವೀಣೆಗೆ ಗೋಡೆಯೇ ಸಾಕು ಎಂದಳು. ತನ್ನ ಮನೆಯ ಹಿಂದಿನ ಗೋಡೆಯ ಬುಡಕ್ಕೆ ಆ ಮಣ್ಣಿನಲ್ಲಿ ಒಂದು ದಪ್ಪ ಕಟ್ಟೆ ಕಟ್ಟಿಸಿ, ಮೇಲೆ ಕಲ್ಲು ಹಾಸಿಸಿದಳು. ಕೆಲಸ ಮುಗಿದ ದಿನ ನಾನು ತೂತಿನ ಹತ್ತಿರ ನಿಂತು, “ಇದನ್ನ ಪೂರ್ತಿ ಗಾರೆ ಹಾಕಿ ಮುಚ್ಚಿಸಿಬಿಡ್ತೀನಿ ತುಂಗಾ, ಇನ್ನು ಹೆದರಬೇಡಿ,” ಎಂದೆ.

“ಅಯ್ಯೋ, ಮುಚ್ಚಿಸ್ಬೇಡಿ,” ಎಂದಳು ಅವಳು. “ಒಂದು ಮೂಟೆ ಮಾತ್ರ ತೆಗೀರಿ, ಸ್ವಲ್ಪ ನೀರು ಈ ಕಡೆ ಬರ್ಲಿ. ಬೇಸಿಗೆಗೆ ನೀವು ಬರ್ತೀರಲ್ಲ.”